ಕುಂಗ್‌ಫೂ ಚಿತ್ರಗಳಿಗೆ ಕನ್ನಡ ಹೇಳಿದ ದಿನಗಳು

ಸಿನಿಮಾ ನಡೆಯುವಾಗ ಪರದೆಯ ಪಕ್ಕ ಮೈಕು ಹಿಡಿದು ಕೂತು, ಅಲ್ಲಿಯವರು ಆಡುವ ಮಾತನ್ನು ಜನರಿಗೆ ಕನ್ನಡದಲ್ಲಿ ಹೇಳುವ ಕೆಲಸವೊಂದಿತ್ತು. ನನ್ನ ಹರೆಯವೆಲ್ಲ ಅದರಲ್ಲೇ ಕಳೆಯಿತು. ಈಗ ಡಬ್ಬಿಂಗಿಗೆ, ರೇಡಿಯೋಕ್ಕೆ ಹೋಗುವ ನಮ್ಮ ಬಳ್ಳಾರಿಯ ಹುಡುಗರು ಒಮ್ಮೊಮ್ಮೆ ಹುಡುಕಿಕೊಂಡು ಬಂದು, "ತಾತಾ, ಆವಾಗ ಹೆಂಗ ಮಾಡತಿದ್ರಿ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ಕೆಮ್ಮು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಪ್ರಚಾರದವನು. ಜಟಕಾ ಗಾಡಿಯಲ್ಲಿ ತಗಡಿನ ಕೊಳವೆ ಕಟ್ಟಿಕೊಂಡು ಬ್ರೂಸ್‌ಪೇಟೆಯ ಓಣಿಗಳಲ್ಲಿ, ಮೆಣಸಿನಕಾಯಿ ಘಾಟಿನ ನಡುವೆ, "ಇಂದೇ ನೋಡಿರಿ" ಎಂದು ಕೂಗುತ್ತಿದ್ದೆ. ಆ ಘಾಟಿನಲ್ಲೂ ಕೆಮ್ಮದೆ ಕೂಗುತ್ತಾನೆ ಎಂಬ ಒಂದೇ ಕಾರಣಕ್ಕೆ ಟಾಕೀಸಿನ ಮ್ಯಾನೇಜರು ಗುರುರಾಜರಾಯರು ನನ್ನನ್ನು ಒಳಗೆ ಕರೆದುಕೊಂಡರು. ನಮ್ಮ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಕುದುರೆ ಓಡುವಷ್ಟು ಹೊತ್ತು, ಕತ್ತಿ ತಿರುಗುವಷ್ಟು ಹೊತ್ತು ಜನ ಕೂತಿರುತ್ತಿದ್ದರು. ಮಾತು ಶುರುವಾದರೆ ಸಾಕು, ಎದ್ದು ಬೀಡಿ ಸೇದಲು ಹೊರಗೆ ಹೋಗಿಬಿಡುತ್ತಿದ್ದರು.

"ಎರ್ರಿಸ್ವಾಮಿ, ಮಂದೀನ ಕುರ್ಚಿ ಮ್ಯಾಲೆ ಕೂಡಿಸಬೇಕು. ನಿನ್ನ ಕಡೆ ಆಗತದೇನು?" ಎಂದರು ರಾಯರು.

"ನನಗ ಇಂಗ್ಲಿಷ್ ಬರಂಗಿಲ್ರೀ."

"ಬರೂ ಮಂದಿ ನಮ್ಮ ಟಾಕೀಸಿಗೆ ಎಲ್ಲಿ ಬರತಾರೋ? ನೀ ಮೊದಲೊಮ್ಮೆ ಸುಮ್ಮನ ಕೂತು ನೋಡು. ಕಂಡದ್ದು ಹೇಳು."

ಹೀಗೆ ಶುರುವಾಯಿತು. ಪರದೆಯ ಎಡಗಡೆ ಗೋಡೆಗೆ ಒತ್ತಿ ಒಂದು ಕಬ್ಬಿಣದ ಕುರ್ಚಿ. ಅಲ್ಲಿಂದ ಕಾಣುವ ಚಿತ್ರವೆಲ್ಲ ಓರೆ. ಎಂಥ ದಪ್ಪ ಮುಖವೂ ಸೌತೆಕಾಯಿಯಂತೆ ಉದ್ದವಾಗಿ ಕಾಣುತ್ತಿತ್ತು. ಜನ ನನ್ನ ದನಿ ಕೇಳುತ್ತಿದ್ದರು, ನನ್ನನ್ನು ನೋಡಿರಲಿಲ್ಲ. ಹೊರಗೆ ಹೋಟೆಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ, "ಆ ಮೈಕಿನಾಂವ ಇವತ್ತ ಭಾಳ ಚೊಲೊ ಹೇಳಿದ ನೋಡು" ಎಂದು ಮಾತಾಡಿಕೊಳ್ಳುತ್ತಿದ್ದರು. ನಾನೇ ಅವನು ಎಂದು ಒಮ್ಮೆಯೂ ಹೇಳಲಿಲ್ಲ. ಹೇಳಿ ಏನು ಮಾಡುವುದು?

ಮದುವೆಯಾಗಿ ಮೂರು ವರ್ಷ ತುಂಬುವ ಮೊದಲೇ ಹೆಂಡತಿ ಗೌರಮ್ಮ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಎಣ್ಣೆ ಅಂಗಡಿಯ ಹಿಂದೆ ನನ್ನದೊಂದು ಬಾಡಿಗೆ ಕೋಣೆ. ಬೆಳಗಿನ ಆಟದಲ್ಲಿ ಹತ್ತು ಜನರ ಮಾತು ಒಬ್ಬನೇ ಆಡಿ ಬಂದು ಬೀಗ ತೆಗೆದರೆ, ಸಂಜೆ ಹೋಟೆಲಿಗೆ ಹೋಗಿ "ಒಂದು ಚಾ" ಎನ್ನುವವರೆಗೆ ಬಾಯಿ ತೆರೆಯುವ ಪ್ರಸಂಗ ಇರುತ್ತಿರಲಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದುಕೊಂಡೇ ಬರಲಿ ಎಂದು ಹೇಳುತ್ತಿದ್ದೇನೆ. ದಿನವೆಲ್ಲ ಪರರ ಮಾತಾಡಿದ ಮೇಲೆ ನನ್ನ ಮಾತು ಎಲ್ಲಿಟ್ಟಿದ್ದೆ ಎಂದು ಹುಡುಕಬೇಕಾಗುತ್ತದೆ.

ಕೆಲವು ವರ್ಷ ಕಳೆದ ಮೇಲೆ ಕುಂಗ್‌ಫೂ ಚಿತ್ರಗಳು ಬಂದವು. ಬಳ್ಳಾರಿಯೇ ಹುಚ್ಚೆದ್ದಿತು. ಕೈ ಮಡಚಿ "ಹೂ ಹಾ" ಎನ್ನದ ಓಣಿಯಿಲ್ಲ. ನಮ್ಮ ಮಾಲೀಕರದೇ ಒಂದು ಟೆಂಟು ಸಿರುಗುಪ್ಪ, ಕುರುಗೋಡುಗಳಲ್ಲಿ ಕೆಲಕೆಲವು ತಿಂಗಳು ನಿಲ್ಲುತ್ತಿತ್ತು. ಬಳ್ಳಾರಿಯಲ್ಲಿ ಓಡಿದ ಚಿತ್ರ ಆಮೇಲೆ ಅಲ್ಲಿಗೆ. ರೀಲಿನ ಡಬ್ಬಿಯ ಜೊತೆ ನಾನೂ ಬಸ್ಸಿನಲ್ಲಿ. ಚೀನೀ ಭಾಷೆ ನನಗೆಲ್ಲಿಂದ ಬರಬೇಕು? ಒಬ್ಬ ಹುಬ್ಬು ಗಂಟಿಕ್ಕಿದರೆ, ಒಬ್ಬ ತಲೆ ತಗ್ಗಿಸಿದರೆ, ಅದರ ಮೇಲೆ ಮಾತು ಕಟ್ಟುತ್ತಿದ್ದೆ.

ಸಿರುಗುಪ್ಪದಲ್ಲಿ ಒಮ್ಮೆ ಪೇಚಿಗೆ ಸಿಕ್ಕೆ. ಆ ಸಲ ಚಿತ್ರದ ಡಬ್ಬಿ ತಡವಾಗಿ ಬಂದು, ಮೊದಲು ನೋಡಲು ಆಗಿರಲಿಲ್ಲ. ಪರದೆಯ ಮೇಲೆ ಬಿಳಿ ಗಡ್ಡದ ಮುದುಕನೊಬ್ಬ ಓರೆಗಣ್ಣಿನಿಂದ ನೋಡಿದ. ಇವನೇ ದುಷ್ಟ ಎಂದು ತೀರ್ಮಾನಿಸಿ ನಾನು ಅವನ ಬಾಯಲ್ಲಿ ಕೊಲೆ, ಸುಲಿಗೆ ಎಲ್ಲ ತುಂಬಿದೆ. ಅರ್ಧ ಚಿತ್ರ ಕಳೆದಾಗ ಆ ಮುದುಕ ತನ್ನ ಪ್ರಾಣ ಕೊಟ್ಟು ನಾಯಕನನ್ನು ಉಳಿಸಿಬಿಟ್ಟ! ನಾಟಿ ಮುಗಿಸಿ ಟ್ರ್ಯಾಕ್ಟರಿನಲ್ಲಿ ಬಂದಿದ್ದ ದೇಶನೂರಿನ, ರಾರಾವಿಯ ರೈತರು ನೆಲದ ಮೇಲಿಂದ ಎದ್ದು ನಿಂತರು.

"ಏ ಮೈಕು! ಅಂವ ಕಳ್ಳ ಅಂದಿದ್ದಿಯಲ್ಲೋ!"

ನಾಯಕ ಮುದುಕನ ಹೆಣದ ಮುಂದೆ ಅಳುತ್ತಿದ್ದ. ನಾನು ಅವನ ದನಿಯಲ್ಲಿ ಹೇಳಿದೆ: "ತಾತಾ, ನಿನ್ನ ಮುಖ ನೋಡಿ ನಿನ್ನನ್ನು ದುಷ್ಟ ಎಂದುಕೊಂಡಿದ್ದೆ. ಎಂಥ ಮೂಢ ನಾನು." ಟೆಂಟು ಶಾಂತವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದದ್ದು ಕೇಳಿಸಿತು.

ಈಗ ಹೇಳಬೇಕೆಂದಿರುವ ಚಿತ್ರದ ಹೆಸರು ನನಗೆ ಗೊತ್ತಿಲ್ಲ. ವಿತರಕರು ಊರಿಗೊಂದು ಹೆಸರಿಟ್ಟು ಪೋಸ್ಟರು ಅಂಟಿಸುತ್ತಿದ್ದರು. ಕಥೆ ಇಷ್ಟೇ. ಬೆಟ್ಟದ ಮೇಲೊಂದು ಗುರುಮನೆ. ಅಲ್ಲಿನ ಶಿಷ್ಯರಲ್ಲಿ ಎಲ್ಲರಿಗಿಂತ ಗಟ್ಟಿಗ ಒಬ್ಬನಿದ್ದಾನೆ. ತನಗಿಂತ ಮಿಗಿಲಿಲ್ಲ ಎಂಬ ಅಹಂಕಾರದಲ್ಲಿ ಗುರುವಿನ ಕೈಯ ಬಟ್ಟಲನ್ನು ಒದ್ದು, ಬೆಟ್ಟ ಇಳಿದು ಹೋಗುತ್ತಾನೆ. ಪೇಟೆಯಲ್ಲಿ ಹತ್ತಾರು ಜನರನ್ನು ಕೆಡವುತ್ತಾನೆ. ಕೊನೆಗೆ ದೋಣಿ ನಡೆಸುವ ಒಬ್ಬ ಸಾಧಾರಣ ಮನುಷ್ಯ ಅವನ ಕೈ ಮುರಿದು ಕಳಿಸುತ್ತಾನೆ. ತಿರುಗಿ ಬಂದರೆ ಗುರುಮನೆಯ ಬಾಗಿಲು ಮುಚ್ಚಿದೆ. ಅವನು ಹಿಮದಲ್ಲಿ ಬಾಗಿಲ ಮುಂದೆ ಮಂಡಿಯೂರಿ ಕೂರುತ್ತಾನೆ. ಬಹಳ ಹೊತ್ತು ಅದೇ ದೃಶ್ಯ. ನಮ್ಮ ಕಡೆಯವರಿಗೆ ಹಿಮ ಎಲ್ಲಿ ಗೊತ್ತು? ಒಬ್ಬ ರೈತ, "ಅವನ ಮ್ಯಾಲೆ ಹಿಂಜಿದ ಅರಳೆ ಸುರಿಯಾಕ ಹತ್ತೈತಲ್ಲೋ" ಎಂದು ಕೂಗಿದ್ದ. ಆಮೇಲೆ ಬಾಗಿಲು ತೆರೆಯುತ್ತದೆ, ಗುರು ಹೊರಗೆ ಬಂದು ಅವನ ತಲೆಯ ಮೇಲೆ ಕೈ ಇಡುತ್ತಾನೆ.

ಬಳ್ಳಾರಿಯ ಮೊದಲ ಆಟದಲ್ಲಿ ಆ ಹಿಮದ ದೃಶ್ಯಕ್ಕೆ ನಾನು ಭಾರೀ ಮಾತು ಕಟ್ಟಿದ್ದೆ. "ಗುರುವೇ, ಅಹಂಕಾರ ನನ್ನ ಕಣ್ಣು ಕಟ್ಟಿತು, ಕ್ಷಮಿಸು" ಎಂದು ಗದ್ಗದ ದನಿಯಲ್ಲಿ ಹೇಳಿದರೆ ಶಿಳ್ಳೆ, ಚಪ್ಪಾಳೆ. ಮೈಕು ಆರಿಸಿ ಎದ್ದಾಗ ನನ್ನ ಎದೆ ಇಷ್ಟಗಲ ಆಗಿತ್ತು. ರಾಯರು ಆಫೀಸಿಗೆ ಕರೆದರು. ಹಣೆಯ ಮೇಲಿನ ಅಕ್ಷತೆಯ ಬೊಟ್ಟು ಬೆವರಿಗೆ ಕರಗಿತ್ತು. ಹಿಂದಿನ ಸಾಲಿನಲ್ಲಿ ನಿಂತೇ ನೋಡಿದ್ದರು.

"ಅಂವ ಬಾಗಿಲ ಮುಂದ ಬಾಯಿ ತೆರದಾನೇನು?"

"ಇಲ್ರೀ."

"ಮತ್ತ ನೀ ಯಾಕ ತೆರದಿ? ಕ್ಷಮಾ ಕೇಳಾಕ ಬಾಯಿ ಬರವಲ್ದು ಅಂತನ ಅಂವ ಅಲ್ಲಿ ಕೂತಾನ. ನೀ ಅವನ ಪರವಾಗಿ ಕೇಳಿಬಿಟ್ರ ಅಂವ ಯಾಕ ಕೂಡಬೇಕು? ಎದ್ದು ಮನೀಗೆ ಹೋಗಲಿ."

ನನಗೆ ಸಿಟ್ಟು ಬಂತು. ಚಪ್ಪಾಳೆ ಬಿದ್ದದ್ದು ಇವರಿಗೆ ಕೇಳಿಸಲಿಲ್ಲವೇ ಎಂದುಕೊಂಡೆ. ಆದರೆ ಮರುದಿನ ಹೇಳಿದಂತೆ ಸುಮ್ಮನೆ ಕೂತೆ. "ಮೈಕು ಕೆಟ್ಟೈತೇನಲೇ!" ಎಂದು ಕೂಗಿದರು. ಯಾರೋ ಕುರ್ಚಿ ಬಡಿದರು. ಸ್ವಲ್ಪ ಹೊತ್ತಿಗೆ ಕೂಗು ತಾನೇ ನಿಂತಿತು. ಆ ಮೇಲೆ ಪ್ರೊಜೆಕ್ಟರಿನ ಗರಗರ ಬಿಟ್ಟು ಬೇರೆ ಸದ್ದಿಲ್ಲ. ಆ ದಿನ ಚಪ್ಪಾಳೆ ಬೀಳಲಿಲ್ಲ. ಜನ ಹೊರಗೆ ಹೋಗುವಾಗ ಒಬ್ಬರನ್ನೊಬ್ಬರು ತಳ್ಳಲಿಲ್ಲ ಅಷ್ಟೇ.

ಇನ್ನು ಕುರುಗೋಡಿನ ಸಂಗತಿ. ಅಲ್ಲಿ ದೊಡ್ಡಬಸಪ್ಪ ಎಂಬ ಉಸ್ತಾದರ ಗರಡಿ ಇತ್ತು. ಐವತ್ತು ದಾಟಿದ್ದರೂ ಎಮ್ಮೆಯ ಕೊಂಬು ಹಿಡಿದು ನಿಲ್ಲಿಸುವ ಆಳು. ಅವರ ಕೈಯಲ್ಲಿ ತಯಾರಾದವನು ಹುಲುಗಪ್ಪ, ಗುಡ್ಡದಲ್ಲಿ ಕಲ್ಲು ಒಡೆಯುವವನು. ಅವನು ಸೈಕಲ್ಲು ತುಳಿದುಕೊಂಡು ಬಳ್ಳಾರಿಗೆ ಬಂದು ಕುಂಗ್‌ಫೂ ಚಿತ್ರ ನೋಡುತ್ತಿದ್ದ. ಊರಿಗೆ ಹೋಗಿ ಗುಡ್ಡದ ಕೆಳಗೆ ಕಾಲು ಬೀಸುವುದನ್ನು ತಾನೇ ಕಲಿತ. ಹಣೆಗೊಂದು ಕರೀ ಪಟ್ಟಿ ಕಟ್ಟಿದ. ಗರಡಿ ಬಿಟ್ಟ. ಚಾ ಅಂಗಡಿಯಲ್ಲಿ ಕೂತು, "ಕುಸ್ತಿ ಮುದುಕರ ಆಟ. ಉಸ್ತಾದಗ ಧೈರ್ಯ ಇದ್ರ ಬಾ ಅನ್ರಿ" ಎನ್ನತೊಡಗಿದ.

ಉಸ್ತಾದರು ಬಹಳ ದಿನ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಗರಪಂಚಮಿಯ ಕುಸ್ತಿಯ ದಿನ ಅವನು ಅಖಾಡದ ನಡುವೆ ಬಂದು ನಿಂತೇ ಬಿಟ್ಟ. ನಮ್ಮ ಟೆಂಟು ಆಗ ಕುರುಗೋಡಿನಲ್ಲೇ ಇತ್ತು, ನಾನೂ ನೋಡಲು ಹೋಗಿದ್ದೆ. ಉಸ್ತಾದರು ಅಂಗಿ ಕಳಚಿ ಇಳಿದರು. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ರೂಢಿಯಂತೆ ಕೈ ಕೊಡಲು ಮುಂದೆ ಚಾಚಿದರು. ಹುಲುಗಪ್ಪ ಆ ಕೈ ಹಿಡಿಯಲಿಲ್ಲ. ತಿರುಗಿ ಕಾಲು ಬೀಸಿ ಮೊಣಕಾಲಿಗೆ ಒದ್ದ. ಒಣ ಜಾಲಿ ಮುರಿದಂಥ ಸದ್ದು. ಉಸ್ತಾದರು ಕೂಗಲಿಲ್ಲ; ಚಾಚಿದ ಕೈ ಚಾಚಿದಂತೆಯೇ ಕೆಳಗೆ ಕೂತುಬಿಟ್ಟರು. ಕೆಲವು ಪಡ್ಡೆಗಳು ಶಿಳ್ಳೆ ಹೊಡೆದರು. ಅದು ನಮ್ಮ ಟೆಂಟಿನಲ್ಲಿ ಕೇಳುವ ಶಿಳ್ಳೆಯೇ.

ಉಸ್ತಾದರ ಕಾಲು ಸರಿಹೋಗಲಿಲ್ಲ. ಗರಡಿಗೆ ಬೀಗ ಬಿತ್ತು. ಹುಲುಗಪ್ಪನ ಹಿಂದೆ ಊರ ಪಡ್ಡೆಗಳ ದಂಡು ಕಟ್ಟಿತು. ಮರುವರ್ಷ ಅವರೆದುರು ಕೈಯಿಂದ ಚಪ್ಪಡಿ ಕಲ್ಲು ಒಡೆದು ತೋರಿಸಲು ಹೋದ. ದಿನವೂ ಸುತ್ತಿಗೆಯಿಂದ ಒಡೆಯುವ ಕಲ್ಲೇ ಅದು. ಕಲ್ಲು ಒಡೆಯಲಿಲ್ಲ, ಬಲಗೈ ಮಣಿಕಟ್ಟು ನುಚ್ಚಾಯಿತು. ಎಲುಬು ಸೊಟ್ಟಗೆ ಕೂಡಿತು. ಸುತ್ತಿಗೆ ಹಿಡಿಯಲಾಗದವನಿಗೆ ಗುಡ್ಡದಲ್ಲಿ ಕೆಲಸವಿಲ್ಲ. ಪಡ್ಡೆಗಳು ಒಬ್ಬೊಬ್ಬರಾಗಿ ಕರಗಿದರು. ಅವನು ಊರು ಬಿಟ್ಟು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿಕೊಂಡ.

ಆ ಹಿಮದ ಚಿತ್ರ ಸಿರುಗುಪ್ಪಕ್ಕೆ ಎರಡನೇ ಸಲ ಬಂದಾಗ ಅವನು ಮೊದಲ ಆಟಕ್ಕೆ ಬಂದು, ಮುಂದೆ, ನನ್ನ ಮೈಕಿನ ಹತ್ತಿರ ನೆಲದ ಮೇಲೆ ಕೂತ. ನಾನು ರಾಯರು ಹೇಳಿದಂತೆ ಬಾಗಿಲ ದೃಶ್ಯಕ್ಕೆ ಸುಮ್ಮನಾದೆ. ಮರುದಿನ ಬೆಳಿಗ್ಗೆ ಚಾ ಕುಡಿಯುತ್ತಿದ್ದಾಗ ಎದುರಿಗೆ ಬಂದು ನಿಂತ.

"ಅಣ್ಣಾ, ಬಾಗಲಾ ತಗದ ಮ್ಯಾಲೆ ಆ ಗುರು ಏನಂದ?"

"ಗೊತ್ತಿಲ್ಲಪಾ. ಅವರ ಮಾತು ನನಗ ತಿಳಿಯಂಗಿಲ್ಲ."

"ಮತ್ತ ಇಷ್ಟು ವರ್ಷ ಹೇಳಿದ್ದು?"

"ಮುಖ ನೋಡಿ ಹೇಳಿದ್ದು."

ಅವನು ಬೆಂಚಿನ ತುದಿಗೆ ಕೂತ. ಸೊಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಹಂಗಾರ ನನ್ನ ಮುಖ ನೋಡಿ ಹೇಳು, ಉಸ್ತಾದ ನನ್ನ ಒಳಗ ಬಿಡತಾರೇನು?" ಎಂದ.

ನಾನು ನೋಡಿದೆ. ಅಷ್ಟು ಹತ್ತಿರದಿಂದ ಒಬ್ಬ ಮನುಷ್ಯನ ಮುಖ ನೋಡಿ ನನಗೆ ಬಹಳ ದಿನಗಳಾಗಿದ್ದವು. "ನಿನ್ನ ಮುಖದಾಗ ಅದು ಕಾಣಂಗಿಲ್ಲೋ. ಅವರ ಮುಖ ನೋಡಬೇಕು. ನಡಿ" ಎಂದೆ.

ಬಸ್ಸು ಹಿಡಿದು ಹೋದೆವು. ಕುರುಗೋಡಿನಲ್ಲಿ ಉಸ್ತಾದರು ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಹುಲುಗಪ್ಪ ಅಂಗಳದಲ್ಲಿ ನಿಂತ. ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಬಿಸಿಲು ಸುಡುತ್ತಿತ್ತು. ರೂಢಿಯಂತೆ ನನ್ನ ಬಾಯಿ ತಾನಾಗಿ ತೆರೆಯಿತು.

"ಉಸ್ತಾದರೆ, ಇಂವ..."

"ನೀ ಸುಮ್ಕಿರಪಾ. ಅವಗ ಬಾಯಿ ಐತಿ."

ಶೇಂಗಾ ಸಿಪ್ಪೆ ಒಡೆಯುವ ಸದ್ದು. ಬಹಳ ಹೊತ್ತಿನ ಮೇಲೆ ಹುಲುಗಪ್ಪ, "ಗರಡಿ ಮಣ್ಣು ಗಟ್ಟಿ ಆಗಿರತೈತಿ. ಹದ ಮಾಡಿ ಕೊಡತೀನ್ರಿ" ಎಂದ.

"ಸಿನಿಮಾ ನೋಡಿ ಬಂದಿಯೇನು?"

"ಹೂಂನ್ರಿ."

"ನನ್ನ ಕಾಲು ಸಿನಿಮಾದ್ದಲ್ಲಲೇ. ಮುಂಜಾನೆ ಎದ್ದಕೂಡ್ಲೆ ನಿನ್ನ ನೆನಸತೈತಿ."

ನನಗೆ ಉಸ್ತಾದರ ಮುಖದಲ್ಲಿ ಏನೂ ಕಾಣಲಿಲ್ಲ. ಎಷ್ಟೋ ವರ್ಷ ಮುಖಗಳನ್ನೇ ಓದಿ ಅನ್ನ ತಿಂದವನಿಗೆ ಆ ಒಂದು ಮುಖ ತಿಳಿಯಲಿಲ್ಲ. ಕೊನೆಗೆ ಅವರು ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿ ಅವನ ಕಾಲ ಬಳಿ ಎಸೆದರು. ನನ್ನ ಕಡೆ ತಿರುಗಿ, "ನೀ ಉಣ್ಣಾಕ ಬಾ" ಎಂದರು. ಅವನನ್ನು ಕರೆಯಲಿಲ್ಲ. ನಾನು ರೊಟ್ಟಿ ತಿಂದು ಹೊರಗೆ ಬಂದಾಗ ಗರಡಿಯ ಒಳಗಿಂದ ಗುದ್ದಲಿಯ ಸದ್ದು ಕೇಳುತ್ತಿತ್ತು. ಒಂಟಿ ಕೈಯ ಗುದ್ದಲಿ, ಬಿಟ್ಟು ಬಿಟ್ಟು.

ಹುಲುಗಪ್ಪ ಗಿರಣಿಯ ಕೆಲಸ ಬಿಟ್ಟು ಊರಿಗೆ ಬಂದ. ಯಾರದೋ ಕುರಿ ಕಾಯ್ದ. ಬೆಳಗಾದರೆ ಗರಡಿಯಲ್ಲಿ ಮಣ್ಣು ಅಗೆದು, ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡಿದ. ಮತ್ತೆ ಐದಾರು ಮಕ್ಕಳು ಕಲಿಯಲು ಬಂದರು. ಉಸ್ತಾದರು ಕಲ್ಲಿನ ಮೇಲೆ ಕೂತು ಬೈದು ಕಲಿಸುತ್ತಿದ್ದರು. ಪಟ್ಟು ಹಾಕಿ ತೋರಿಸುವಾಗ ಕೆಳಗೆ ಬೀಳುವವನು ಹುಲುಗಪ್ಪ. ಇವನು ಮತ್ತೆ ನಿಮ್ಮ ಶಿಷ್ಯನಾದನೇ ಎಂದು ಯಾರಾದರೂ ಕೇಳಿದರೆ, "ಇಲ್ಲಪಾ, ಮಣ್ಣು ಹದ ಮಾಡಾಕ ಬರತಾನ" ಎನ್ನುತ್ತಿದ್ದರು. ಅವನ ಎದುರಿಗೇ.

ಒಂದು ವರ್ಷ ಟೆಂಟು ಕುರುಗೋಡಿಗೆ ಬಂದಾಗ ನಾನೇ ಹೋಗಿ ಉಸ್ತಾದರನ್ನು ಕರೆದುಕೊಂಡು ಬಂದೆ. ಕುರ್ಚಿ ಹಾಕಿಸಿ ಕೂಡಿಸಿದೆ. ಹುಲುಗಪ್ಪ ನೆಲದ ಮೇಲೆ. ಹಿಮದ ದೃಶ್ಯ ಬಂತು, ನಾನು ಬಾಯಿ ಮುಚ್ಚಿದೆ. ಬಾಗಿಲು ತೆರೆದು ಗುರು ಶಿಷ್ಯನ ತಲೆಯ ಮೇಲೆ ಕೈ ಇಟ್ಟ.

"ಇಷ್ಟು ಜಲ್ದಿ?" ಎಂದರು ಉಸ್ತಾದರು, ದೊಡ್ಡ ದನಿಯಲ್ಲಿ.

ಟೆಂಟಿಗೆ ಟೆಂಟೇ ನಕ್ಕಿತು. ಹುಲುಗಪ್ಪನೂ ನಕ್ಕ. ನಗುತ್ತಲೇ ಮುಖವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡ. ಆಟ ಮುಗಿಯುವವರೆಗೂ ಎತ್ತಲಿಲ್ಲ.

ಆಮೇಲೆ ನಮ್ಮ ಕೆಲಸಕ್ಕೆ ಕಾಲ ಮುಗಿಯಿತು. ತೆಲುಗಿಗೆ, ಹಿಂದಿಗೆ ಡಬ್ಬಾದ ಚಿತ್ರಗಳು ಬಂದವು. ಬಳ್ಳಾರಿಯಲ್ಲಿ ತೆಲುಗು ತಿಳಿಯದವರು ಯಾರು? ಚೀನೀ ಮನುಷ್ಯರು ತಾವೇ ತೆಲುಗಿನಲ್ಲಿ ಮಾತಾಡತೊಡಗಿದ ಮೇಲೆ ನನ್ನ ಕುರ್ಚಿಯನ್ನು ಗೇಟಿನ ಬಳಿಗೆ ಒಯ್ದರು. ರಾಯರು ನಿವೃತ್ತರಾಗುವ ಮುಂಚೆ ಯಾರಿಗೋ ಹೇಳಿ ನನಗೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸ ಕೊಡಿಸಿದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಹದಿಮೂರನೇ ದಿನವೂ ಕಳೆದಿತ್ತು.

ಬಸ್ ನಿಲ್ದಾಣದಲ್ಲೂ ಅದೇ ಬಾಳು: ಸಣ್ಣ ಕೋಣೆ, ಮೈಕು, ಎದುರಿಗೊಂದು ಕಿಂಡಿ. ಕಿಂಡಿಗೆ ಬಾಗಿದವರು ಬಸ್ಸು ಕೇಳಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಕುರುಗೋಡಿನ ಬಸ್ಸು ಕೂಗಿ ಮುಗಿಸುವಷ್ಟರಲ್ಲಿ ಕೋಲು ಊರಿಕೊಂಡು ಒಬ್ಬ ಮುದುಕರು ಕಿಂಡಿಗೆ ಮುಖ ಹಚ್ಚಿದರು.

"ಈ ದನಿ ಎಲ್ಲೋ ಕೇಳೀನಿ ಅಂದೆ. ನೀನಽ ಏನು?"

ದೊಡ್ಡಬಸಪ್ಪ ಉಸ್ತಾದರು. ಮೈ ಅರ್ಧಕ್ಕಿಳಿದಿತ್ತು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ್ದರು. ಪೊರೆ ತೆಗೆಸಿಕೊಂಡು ದವಾಖಾನೆಯಿಂದ ಊರಿಗೆ ಹೊರಟಿದ್ದರಂತೆ. ಆ ಕೆಲಸಕ್ಕೆ ಸೇರಿದ ಮೇಲೆ ಬಸ್ಸಿನ ವಿಚಾರ ಬಿಟ್ಟು ನನ್ನನ್ನು ಮಾತಾಡಿಸಿದವರು ಅವರೇ ಮೊದಲು. ಸಂತೋಷದಲ್ಲಿ ಮೈಕಿನ ಗುಂಡಿ ಆರಿಸಲು ಮರೆತೆ.

"ಕಣ್ಣು ಕಟ್ಟ್ಯಾರ, ಒಬ್ಬರಽ ಬಂದೀರೇನ್ರಿ? ಜೊತೀಗೆ ಯಾರದಾರ?"

"ಒಬ್ಬನಽ ಯಾಕ ಬರಲಿ? ನನ್ನ ಶಿಷ್ಯ ಅದಾನಲ್ಲ, ಹುಲುಗಪ್ಪ."

ಮಾತು ಕಂಬಗಳ ಮೇಲಿನ ಎಲ್ಲ ಲೌಡ್‌ಸ್ಪೀಕರುಗಳಲ್ಲಿ ನಿಲ್ದಾಣದ ತುಂಬ ಕೇಳಿತು. ಅಷ್ಟು ದೂರದಲ್ಲಿ, ಕುರುಗೋಡಿನ ಬಸ್ಸಿನ ಬಾಗಿಲಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಮನುಷ್ಯ ಸೀಟಿಗೆ ಟವೆಲು ಹಾಕಲು ಹೊರಟಿದ್ದ. ನಿಂತುಬಿಟ್ಟ. ತಲೆ ಎತ್ತಿ ಕಂಬದ ಕಡೆ ನೋಡಿದ. ಹಿಂದಿನವರು ಅವನನ್ನು ದಾಟಿ, ನುಗ್ಗಿ ಹತ್ತುತ್ತಿದ್ದರು. ಅವನು ಅಲುಗಲಿಲ್ಲ.

ನಾನು ಗಡಬಡಿಸಿ ಗುಂಡಿ ಆರಿಸಿದೆ. ಉಸ್ತಾದರಿಗೆ ಏನೂ ಗೊತ್ತಾದಂತಿರಲಿಲ್ಲ. ಗೊತ್ತಾಗಿತ್ತೋ ಏನೋ. "ಒಮ್ಮೆ ಊರಿಗೆ ಬಾ" ಎಂದರು. ಬರುತ್ತೇನೆ ಎಂದೆ. ಹೋಗಲಾಗಲಿಲ್ಲ, ಆಮೇಲೆ ಅವರೂ ಉಳಿಯಲಿಲ್ಲ.

ಹುಲುಗಪ್ಪ ಬಂದು ಅವರ ತೋಳಿಗೆ ತನ್ನ ಸೊಟ್ಟ ಕೈ ಕೊಟ್ಟ. ನನಗೆ ನಮಸ್ಕಾರವನ್ನೂ ಮಾಡಲಿಲ್ಲ, ಅವನ ಕಣ್ಣು ತುಂಬಿದ್ದವು.

"ಸೀಟು ಹಿಡದಿಯೇನಲೇ?" ಎಂದರು ಉಸ್ತಾದರು.

"ಇಲ್ರೀ."

"ಮತ್ತೇನು ಮಾಡಾಕ ಹತ್ತಿದ್ದಿ ಅಲ್ಲಿ?"

ಬೈಯುತ್ತಲೇ ಅವನ ಆಸರೆಯಲ್ಲಿ ಹತ್ತಿದರು. ಬಸ್ಸು ಗೇಟು ದಾಟಿತು. ಸಿರುಗುಪ್ಪದ ಬಸ್ಸು ಬಂದು ನಿಂತಿತ್ತು, ಕೂಗಬೇಕಿತ್ತು. ಗುಂಡಿ ಒತ್ತಿದೆ, ದನಿ ಹೊರಡಲಿಲ್ಲ. ಗಂಟುಮೂಟೆ ಹಿಡಿದು ಕೂತಿದ್ದವರು ಕಂಬದ ಕಡೆ ಕಿವಿಗೊಟ್ಟು ಕಾದರು. ನೀರು ಕುಡಿದು, ಊರ ಹೆಸರು ಹೇಳಿದೆ. ಎಲ್ಲರೂ ಎದ್ದು ಓಡಿದರು.